ಬೆಂಚಿನ ಮೇಲೆ ಒಂದೂವರೆ ಗಂಟೆ

೧೯೭೮ ಎಂದು ಬರೆಯುತ್ತೇನೆ. ಮರುವರ್ಷವಾಗಿದ್ದರೂ ನನ್ನ ತಪ್ಪೇನೂ ಸಣ್ಣದಾಗುವುದಿಲ್ಲ. ಉತ್ತರ ಮದ್ರಾಸಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ರಿಜಿಸ್ಟ್ರೇಷನ್ ಗುಮಾಸ್ತ. ನಾನು ಬರೆದುಕೊಡುವ ಚೀಟಿಯಿಲ್ಲದೆ ಡಾಕ್ಟರು ಯಾರನ್ನೂ ನೋಡುತ್ತಿರಲಿಲ್ಲ.

ಧಾರವಾಡದಿಂದ ಬಂದ ಹೊಸದರಲ್ಲಿ ನನ್ನ ತಮಿಳು ಕೇಳಿ ಇಡೀ ಕಚೇರಿ ನಗುತ್ತಿತ್ತು. ಹಟಕ್ಕೆ ಬಿದ್ದು ಕಲಿತೆ. ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಮದುರೆಯವರೋ ಕೊಯಮತ್ತೂರಿನವರೋ ಹೇಳಿಬಿಡುತ್ತಿದ್ದೆ. ಸಹೋದ್ಯೋಗಿಗಳು ಇದರ ಮೇಲೆ ಕಾಫಿ ಪಂದ್ಯ ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ, ಸುಮಾರು ಹನ್ನೊಂದಕ್ಕೆ, ಒಬ್ಬ ಹೆಂಗಸು ಗಂಡನನ್ನು ಬೆಂಚಿನ ಮೇಲೆ ಕೂರಿಸಿ ಕೌಂಟರಿಗೆ ಬಂದಳು. ಆತ ಹೊಟ್ಟೆ ಹಿಡಿದು ಮಡಚಿಕೊಂಡಿದ್ದ. ವಿಳಾಸ ಅಲ್ಲೇ ಹತ್ತಿರದ ರಾಯಪುರಂ ಎಂದಳು.

"ರಾಯಪುರಂ ತಾನಾ?" ಎಂದೆ.

"ಓಂ, ಐಯಾ."

ಹೌದು ಎನ್ನಲು ಮದ್ರಾಸಿನವರು ‘ಆಮಾ’ ಎನ್ನುವ ಕಡೆ ‘ಓಂ’ ಎನ್ನುವವರು ಸಿಲೋನಿನ, ಅಂದರೆ ಶ್ರೀಲಂಕಾದ, ಜಾಫ್ನಾ ತಮಿಳರು.

"ನೀಂಗ ಸಿಲೋನಾ?" ಪಕ್ಕದ ಗುಮಾಸ್ತನಿಗೆ ಕೇಳಲೆಂದೇ ಗಟ್ಟಿಯಾಗಿ ಕೇಳಿದೆ.

"ಕಾಫಿ ಉನಕ್ಕುತ್ತಾನ್‌ಪಾ!" ಎಂದು ಅವನು ಸೋಲೊಪ್ಪಿಕೊಂಡ.

ಆಕೆ ಹೆದರಿದಳು. ತಂಗಿಯ ಮನೆಗೆ ಬಂದಿದ್ದೇವೆ, ವೀಸಾ ಇದೆ ಎಂದಳು. ಹೊರದೇಶದವರ ಚೀಟಿಗೆ ಸೂಪರಿಂಟೆಂಡೆಂಟರ ಸಹಿ ಬೇಕೆಂದು ಆದೇಶವಿತ್ತು. ತುರ್ತಾದರೆ ಮೊದಲು ಚಿಕಿತ್ಸೆ, ಸಹಿ ಆಮೇಲೆ ಎಂಬುದು ಅದೇ ಆದೇಶದ ಎರಡನೆಯ ವಾಕ್ಯ. ನನಗೆ ಬಾಯಿಪಾಠವಿತ್ತು. ಆದರೂ ಆಕೆಯನ್ನು ಆಚೆ ಕಟ್ಟಡಕ್ಕೆ ಕಳಿಸಿದೆ. ಸಾಹೇಬರು ಮೀಟಿಂಗಿನಲ್ಲಿದ್ದರು, ಆಕೆ ಬಾಗಿಲಲ್ಲಿ ಕಾದಳು. ಆ ದಿನ ಕ್ಯೂ ಉದ್ದವಿತ್ತು ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಇರಲಿಲ್ಲ. ನಾನು ಗೆದ್ದ ಕಾಫಿ ಕುಡಿಯುತ್ತಿದ್ದೆ.

ಒಂದೂವರೆ ಗಂಟೆ ಕಳೆದ ಮೇಲೆ ಆ ದಾರಿಯಾಗಿ ಬಂದ ಮಂಗಳೂರಿನ ನರ್ಸ್ ಬೆಂಚಿನ ಮೇಲಿದ್ದವನನ್ನು ಮುಟ್ಟಿ ನೋಡಿದಳು. ವಿಷಯ ಹೇಳಿದೆ.

"ಎಂಥದು ಮಾರಾಯ್ರೇ, ಹೊಟ್ಟೆನೋವಿಗೂ ಪಾಸ್‌ಪೋರ್ಟ್ ಉಂಟಾ?" ಎಂದವಳು ತಾನೇ ಸ್ಟ್ರೆಚರ್ ತಳ್ಳಿಕೊಂಡು ಹೋದಳು.

ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಯಿತು. ನಾಲ್ಕನೆಯ ದಿನ ಆತ ತೀರಿಕೊಂಡ. ಮನೆಯಲ್ಲೇ ಒಡೆದಿತ್ತೋ, ನನ್ನ ಕಣ್ಣೆದುರಿನ ಬೆಂಚಿನ ಮೇಲೆ ಒಡೆಯಿತೋ, ಸರ್ಜನ್ನರನ್ನು ನಾನು ಕೇಳಲಿಲ್ಲ. ಉತ್ತರ ಬೇಕಿರಲಿಲ್ಲ.

ಮರಣದ ಕಾಗದಕ್ಕೆ ಆಕೆ ನನ್ನ ಕೌಂಟರಿಗೇ ಬರಬೇಕಾಯಿತು. ನಾನು ಬಾಯಿ ತೆಗೆಯುವ ಮೊದಲೇ ಎರಡು ಪಾಸ್‌ಪೋರ್ಟುಗಳನ್ನು ಬಿಚ್ಚಿ ಮುಂದಿಟ್ಟಳು. ಬರೆದುಕೊಟ್ಟೆ. ಕ್ಷಮಿಸಿ ಎನ್ನಲಿಲ್ಲ.

ನಿವೃತ್ತನಾಗುವವರೆಗೂ ಹೊಸ ಗುಮಾಸ್ತರಿಗೆಲ್ಲ ಹೇಳಿಕೊಟ್ಟೆ: ಮೊದಲು ಎಲ್ಲಿ ನೋವು ಅಂತ ಕೇಳಿ, ಯಾವೂರು ಅಂತ ಆಮೇಲೆ. ಕರುಣೆಯ ಮನುಷ್ಯ ಎಂದು ನನಗೆ ಹೆಸರಾಯಿತು. ಆ ಪಾಠ ಎಲ್ಲಿ ಕಲಿತೆ ಎಂದು ಅವರಲ್ಲಿ ಯಾರಿಗೂ ಹೇಳಲಿಲ್ಲ.