ತೋಳದ ಬಾಯಿಯ ಷರತ್ತು

ನಾಲ್ಕನೆಯದೂ ಹೆಣ್ಣೇ ಆದಾಗ, ಇನ್ನು ಮುಂದಾದರೂ ದಾರಿ ಗಂಡಿನ ಕಡೆ ತಿರುಗಲಿ ಎಂದು ಅಪ್ಪ ಬುರುಲ್ ಎಂದು ಹೆಸರಿಟ್ಟ. ಹಾಗೆಂದರೆ ತಿರುಗು. ಅಜ್ಜಿ ಮಾತ್ರ ಕೂಸನ್ನು ಎತ್ತಿಕೊಂಡು ತೋಳದ ಬಾಯಿಯಿಂದ ದಾಟಿಸಿದಳು. ಸತ್ತ ತೋಳದ ತುಟಿಯ ಸುತ್ತಲಿನ ಚರ್ಮವನ್ನು ಬಳೆಯಂತೆ ಇಡಿಯಾಗಿ ಸುಲಿದು, ಕುರಿಯ ಕೊಬ್ಬು ತಿಕ್ಕಿ ಮೆತ್ತಗಿಟ್ಟುಕೊಂಡಿದ್ದು ಅದು. ಅದರೊಳಗಿಂದ ತೂರಿ ಬಂದ ಕೂಸು ತೋಳದ್ದಾಗುತ್ತದೆ, ಸಾವು ಅದರ ತಂಟೆಗೆ ಬರುವುದಿಲ್ಲ ಎಂಬುದು ಅಟ್‌ಬಾಶಿ ಕಣಿವೆಯ ನಂಬಿಕೆ.

ಬುರುಲ್ ಉಳಿದಳು. ಅದೇ ಬಳೆಯಲ್ಲಿ ದಾಟಿದ್ದ ಅವಳ ಒಬ್ಬ ಅಕ್ಕ ಉಳಿದಿರಲಿಲ್ಲ. ಅಕ್ಕನನ್ನು ಹೆತ್ತ ವಾರದಲ್ಲೇ ಅಮ್ಮನನ್ನು ಹುಲ್ಲು ಕೊಯ್ಯಲು ಅಟ್ಟಿದ್ದರಂತೆ, ಎದೆಹಾಲು ಬತ್ತಿತಂತೆ. ಈ ಸಂಗತಿಯನ್ನು ಬುರುಲ್ ಬದುಕಿಡೀ ತಲೆಯಲ್ಲಿ ಮೆಲುಕು ಹಾಕಿದಳು. ಸರ್ಕಾರಿ ಫಾರಮ್ಮಿನಲ್ಲಿ ಹಸು ಕರೆದಳು, ಗಂಡನನ್ನು ಮಣ್ಣು ಮಾಡಿದಳು, ಮೂಢನಂಬಿಕೆ ಹಿಡಿಯಲು ಬಂದ ಅಧಿಕಾರಿಗಳ ಕಣ್ಣಿಗೆ ಬೀಳದಂತೆ ಅಜ್ಜಿಯಿಂದ ಬಂದ ಬಳೆಯನ್ನು ಹಿಟ್ಟಿನ ಚೀಲದಲ್ಲಿ ಹೂತಿಟ್ಟಳು. ಕೊನೆಗೆ ಫಾರಮ್ಮೂ ಹೋಯಿತು, ಸರ್ಕಾರವೂ ಹೋಯಿತು. ಬಳೆ ಉಳಿಯಿತು.

ಆ ವರ್ಷ ಕುರಿಗಳು ಮರಿ ಹಾಕುವ ಹೊತ್ತಿಗೆ ಉರ್ಕುಯಾ ಕುದುರೆ ಏರಿ ಬಂದಳು. ಅವಳ ಸೊಸೆ ಜಿಬೆಕ್ ಹೆತ್ತ ಎರಡು ಕೂಸುಗಳು ಹಿಂದೆಯೇ ತೀರಿಹೋಗಿದ್ದವು, ಈಗ ಮೂರನೆಯದು ಹುಟ್ಟಿತ್ತು. ಅದನ್ನು ಬಳೆಯಿಂದ ದಾಟಿಸಿಕೊಡು ಎಂದು ಕೇಳಲು ಬಂದಿದ್ದಳು.

ಬುರುಲ್ ಅವರ ಮನೆ ಹೊಕ್ಕಾಗ ಕೂಸು ಒಲೆಯ ಪಕ್ಕ ಕುಂಯ್ಗುಡುತ್ತಿತ್ತು. ತಾಯಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಜಿಬೆಕ್ ಎರಡು ಕೈಯಲ್ಲೂ ಬಕೆಟ್ ಹಿಡಿದು ಒಳಗೆ ಬಂದಳು. ಲಂಗದ ಅಂಚು ಮಂಜುಗಟ್ಟಿ ಹಲಗೆಯಾಗಿತ್ತು, ಎದೆ ಒದ್ದೆಯಾಗಿತ್ತು. ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ನೀರು ತಂದಿದ್ದಳು, ಹೆತ್ತು ನಾಲ್ಕು ದಿನಕ್ಕೆ.

ಬುರುಲ್ ಹೊರತೆಗೆದಿದ್ದ ಬಳೆಯನ್ನು ಮತ್ತೆ ಎದೆಗೆ ಸೇರಿಸಿಕೊಂಡಳು.

"ದಾಟ್ಸಲ್ಲ."

"ಏನಾಯ್ತು ಎಜೆ?" ಉರ್ಕುಯಾ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. "ಕುರಿ ಕೊಯ್ಸಿದೀನಿ, ನಿಂಗೆ ಬಟ್ಟೆ ತೆಗ್ದಿಟ್ಟಿದೀನಿ..."

"ನಲವತ್ತು ದಿನ ಬಾಣಂತಿ ಹೊಸ್ತಿಲು ದಾಟಬಾರದು. ನೀರು, ಸಗಣಿ, ಕುರಿಮರಿ, ಯಾವುದನ್ನೂ ಮುಟ್ಟಬಾರದು. ಬಳೆಯ ಕಟ್ಟಳೆ ಇದು."

ಕಟ್ಟಳೆ ಅವಳು ಆಗಷ್ಟೇ ಕಟ್ಟಿದ್ದು.

"ನಮ್ಮತ್ತೆ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಬಿಡು. ನಾನು ಹೆತ್ತ ಮೂರನೇ ದಿನಕ್ಕೇ ಕುದುರೆ ಹಾಲು ಕರ್ದವಳು. ಸತ್ನಾ?"

"ನೀನು ಸಾಯ್ಲಿಲ್ಲ. ನಿನ್ನ ಹೊಟ್ಟೇಲಿ ಹುಟ್ಟಿದ್ದರಲ್ಲಿ ಎಷ್ಟು ಹೋದ್ವು?"

ಉರ್ಕುಯಾಳ ಮುಖ ಕಪ್ಪಿಟ್ಟಿತು. "ಮರಿ ಹಾಕೋ ಕಾಲ ಇದು! ಇವಳು ರಾಣಿ ಥರ ಬಿದ್ಕೊಂಡ್ರೆ ಮಾಡೋರ್ಯಾರು?"

"ಹಿಂದೆ ಹಗೆಗಳು ಕೈಕಾಲು ಕಡಿದು ಜೌಗಿಗೆ ಎಸೆದಿದ್ದ ಹುಡುಗನ್ನ ಹೆಣ್ಣು ತೋಳ ಮಾಂಸ ತಂದು ಸಾಕ್ತು. ಅವನ ಬಸುರು ಹೊತ್ತು ಬೆಟ್ಟದ ಗವಿ ಸೇರ್ಕೊಂತು. ಆ ಗವೀಲಿ ಈದದ್ದೇ ನಮ್ಮ ಕುಲ. ಆ ಬಾಣಂತಿ ತೋಳನ್ನ ಯಾವ ಅತ್ತೆ ನೀರಿಗೆ ಅಟ್ಟಿದ್ಳು, ಹೇಳು?"

ಆಗ ಜಿಬೆಕ್ ಬಾಯಿ ಬಿಟ್ಟಳು. ಅತ್ತೆಯ ಮುಂದೆ ದನಿ ಎತ್ತದ ಹುಡುಗಿ. "ದಾಟ್ಸಿ ಅಮ್ಮಾ. ನೀರು ಹೊತ್ರೆ ನಂಗೇನೂ ಆಗಲ್ಲ. ಇದೊಂದು ಉಳೀಲಿ."

ಬುರುಲ್ ಒಲೆಯ ಪಕ್ಕದ ಕೂಸಿನತ್ತ ನೋಡಿದಳು. ಹಟ ಹಿಡಿದು ಎದ್ದುಹೋದರೆ, ಕೂಸಿಗೆ ಏನಾದರೂ ಆದರೆ, ಈ ಹುಡುಗಿ ಸಾಯುವ ತನಕ ತನ್ನನ್ನೇ ಶಪಿಸುತ್ತಾಳೆ. ದಾಟಿಸಿಬಿಟ್ಟರೆ ನಾಳೆ ಮತ್ತೆ ಹೊಳೆಗೆ ಹೋಗುತ್ತಾಳೆ. ಬಳೆ ಎಂಬುದು ಚರ್ಮ. ಅದಕ್ಕೆ ಹಾಲು ಬರುವುದಿಲ್ಲ.

ಅವಳು ಎದ್ದು ಕೋಟು ತೊಟ್ಟು ಬಾಗಿಲ ಅಗುಳಿಗೆ ಕೈ ಹಾಕಿದಳು.

"ನಿಲ್ಲು, ಹಾಳು ಮುದುಕಿ!" ಉರ್ಕುಯಾ ಕೂಗಿದಳು. ರೊಟ್ಟಿ ತೆಗೆದು, ಅದರ ಮೇಲೆ ಕೈಯಿಟ್ಟಳು. "ನಲವತ್ತು ದಿನ. ಆಣೆ."

"ಸುಳ್ಳಾದ್ರೆ?"

"ಈ ರೊಟ್ಟಿ ನನ್ನ ಗಂಟಲಲ್ಲಿ ನಿಲ್ಲಲಿ. ಸಾಕಾ?"

ಬುರುಲ್ ಕೂಸನ್ನು ಬಳೆಯಿಂದ ಮೂರು ಸಲ ದಾಟಿಸಿದಳು. ಮೂರನೆಯ ಸಲ ಅದು ಉರ್ಕುಯಾಳ ಮಡಿಲಿಗೆ ಉಚ್ಚೆ ಹೊಯ್ದಿತು. ಅಲ್ಲಿಂದ ಮುಂದೆ ಬುರುಲ್ ದಿನವೂ ಯಾವುದೋ ನೆಪ ಹಿಡಿದು ಆ ಮನೆಗೆ ಹೋಗಿ, ಜಿಬೆಕ್ ಹಾಸಿಗೆಯಲ್ಲಿರುವುದನ್ನು ಕಣ್ಣಾರೆ ಕಂಡು ಬರುತ್ತಿದ್ದಳು. ಉರ್ಕುಯಾ ನೀರು ಹೊತ್ತಳು, ಬೈದಳು, ಮತ್ತೆ ಹೊತ್ತಳು.

ಕೂಸು ಉಳಿಯಿತು. ಯಾವುದರಿಂದ ಉಳಿಯಿತು ಎಂದು ಬುರುಲ್ ಯಾರಿಗೂ ಹೇಳಲು ಹೋಗಲಿಲ್ಲ. ಬೇಸಿಗೆಯಲ್ಲಿ ಹುಲ್ಲುಗಾವಲಿನಲ್ಲಿ ಹೊಸ ಕೂಸು ಹುಟ್ಟಿದ್ದ ಡೇರೆಯೊಂದಕ್ಕೆ ಬಳೆ ಒಯ್ದಾಗ, ಉರ್ಕುಯಾ ಅವಳಿಗಿಂತ ಮೊದಲೇ ಅಲ್ಲಿ ಕೂತು ಆ ಮನೆಯ ಅತ್ತೆಯನ್ನು ಜಾಡಿಸುತ್ತಿದ್ದಳು.

"ನಲವತ್ತು ದಿನ ಕಣೇ! ತೋಳ ಗವೀಲಿದ್ದ ಕಾಲದಿಂದ ಬಂದದ್ದು. ಅಷ್ಟೂ ತಿಳೀದಾ ನಿಂಗೆ?"