ಭಾವನ ಹಿಂದಿಗೆ ಕಮಲಿಯ ಒದೆ

ಹೋದ ವಾರ ನಮ್ಮ ಭಾವ ಒಂದು ಹಸುವಿನ ಮುಂದೆ ಕೈಮುಗಿದು ನಿಂತು ಹಿಂದಿಯಲ್ಲಿ ಬೇಡಿಕೊಂಡರು. ನಾನು ಕಣ್ಣಾರೆ ಕಂಡೆ. (ವಿಡಿಯೋ ಮಾಡೋಣ ಅಂತ ಫೋನ್ ಎತ್ತಿದೆ. ಅವರು ನೋಡಿದ ನೋಟಕ್ಕೆ ಇಳಿಸಿಬಿಟ್ಟೆ.)

ಮೊದಲಿಂದ ಹೇಳುತ್ತೇನೆ. ನಂದಗುಡಿ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕನ ಮನೆ. ನಾಲ್ಕು ಸೀಮೆ ಹಸು ಕಟ್ಟಿದ್ದಾರೆ. ಅಕ್ಕ ಮಂಡಿ ಆಪರೇಷನ್ ಮಾಡಿಸಿಕೊಂಡು ಹೊಸಕೋಟೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಭಾವನಿಗೆ ಅಡುಗೆ ಮಾಡಿ ಹಾಕು ಅಂತ ನನ್ನನ್ನು ಅಲ್ಲಿಗೆ ಅಟ್ಟಿದಳು. ಅಟ್ಟುವಾಗ ಕೈ ಹಿಡಿದುಕೊಂಡು ಹೇಳಿದ್ದು ಮಾತ್ರ ಭಾವನ ವಿಚಾರವಲ್ಲ. "ನಮ್ ಕಮಲೀನ ನೋಡ್ಕಳೇ. ಚೊಚ್ಚಲು ಕಣೇ ಅದು. ಕರು ಹಾಕಿ ಇನ್ನೂ ಹದಿನೈದು ದಿನ."

ಕಮಲಿಯನ್ನು ಕರುವಾಗಿನಿಂದ ಸಾಕಿದವನು ಬಿರ್ಜು. ಬಿಹಾರದವನು, ಎರಡು ಮಕ್ಕಳ ತಂದೆ. ಮೂರು ವರ್ಷದಿಂದ ಅಕ್ಕನ ಕೊಟ್ಟಿಗೆಯೆಲ್ಲ ಅವನ ಕೈಯಲ್ಲೇ. ತಂಗಿ ಮದುವೆ ಅಂತ ವಿಮಾನ ಹತ್ತಿ ಊರಿಗೆ ಹೊರಟ. ಅಕ್ಕನ ಆಪರೇಷನ್ನೂ ಅದೇ ವಾರ ಬಂತು. ಗ್ರಹಚಾರ!

ಮೊದಲ ದಿನ ಊಟಕ್ಕೆ ಕೂತಾಗ ಭಾವನ ಭಾಷಣ ಶುರುವಾಯಿತು. "ಹೊರಗಿನೋರು ಬಂದ್ಬಿಟ್ಟು ಹೊಸಕೋಟೆ ಗುರ್ತೇ ಸಿಕ್ಕಲ್ದಂಗೆ ಆಗೋಯ್ತು ಕಣಮ್ಮಾ. ನಮ್ಮ ನೀರು ಕುಡೀತಾರೆ. ನಮ್ಮ ಭಾಷೆ ಮಾತ್ರ ಒಂದಕ್ಷರ ಕಲ್ಯಾಕಿಲ್ಲ."

"ನಿಮ್ಮ ಹಾಲು ಯಾರು ಕುಡೀತಾರೆ ಭಾವ?" ಅಂದೆ.

ಭಾವ ಅನ್ನಕ್ಕೆ ಇನ್ನಷ್ಟು ಸಾರು ಸುರಿದುಕೊಂಡರು. ಭಾವನ ಹಾಲು ಡೈರಿಗೆ ಹೋಗುತ್ತದೆ. ಅಲ್ಲಿಂದ ಊರಾಚೆ ಎದ್ದಿರುವ ಅಪಾರ್ಟ್‌ಮೆಂಟುಗಳಿಗೆ. ಕರೆಯುವವನು ಹೊರಗಿನವನು, ಕುಡಿಯುವವರು ಹೊರಗಿನವರು. ನಡುವೆ ಬೈಯುವ ಕೆಲಸ ಒಂದೇ ನಮ್ಮ ಭಾವನ ಪಾಲಿಗೆ ಉಳಿದಿರುವುದು. ಅದನ್ನಾದರೂ ಶ್ರದ್ಧೆಯಿಂದ ಮಾಡುತ್ತಾರೆ, ಪಾಪ.

ಅಲ್ಲ ಸ್ವಾಮಿ, 'ಸೀಮೆ' ಅಂದರೇನು? ಹೊರಗಿನಿಂದ ಬಂದದ್ದು ಅಂತ ತಾನೇ? ಸೀಮೆ ಹಸು ಬಂತು, ಅರಿಶಿನ ಕುಂಕುಮ ಇಟ್ಟು ಮಹಾಲಕ್ಷ್ಮಿ ಅಂದೆವು. ಸೀಮೆಬದನೆ ಬಂತು, ಸಾಗು ಮಾಡಿಕೊಂಡು ತಿಂದೆವು. ಯಾವೂರು, ಏನು ಕಥೆ ಅಂತ ಅವನ್ನು ಯಾರೂ ಕೇಳಲಿಲ್ಲ. ಮನುಷ್ಯ ಬಂದರೆ ಮಾತ್ರ ಊರು ಕೇರಿ ವಿಚಾರಿಸುತ್ತೇವೆ. ಹೊಸಕೋಟೆಯಲ್ಲಿ ನಮ್ಮ ಬೀದಿಯ ಟೈಲರ್ ಶಮೀಮ್ ಆಪಾ ಅವರನ್ನು ಕೇಳಿ ನೋಡಿ. ಒಡಿಶಾ, ಅಸ್ಸಾಮಿನ ಹೆಂಗಸರು ಬೀದಿಗೆ ಬಂದಮೇಲೆ ಅವರು ಎರಡನೇ ಮಿಷನ್ ತಂದರು. ಈಗ ನನ್ನ ಬ್ಲೌಸಿಗೇ ಹದಿನೈದು ದಿನ ವಾಯಿದೆ! (ಈ ಒಂದು ವಿಚಾರದಲ್ಲಿ ನಾನೂ ಭಾವನ ಪಾರ್ಟಿ.)

ಇರಲಿ, ಕಮಲಿಗೆ ಬರೋಣ. ಬಿರ್ಜು ಹೋದ ಮಾರನೇ ಬೆಳಿಗ್ಗೆ ಉಳಿದ ಮೂರು ಹಸುಗಳು ಭಾವನಂಥ ಭಾವನಿಗೂ ಹಾಲು ಕೊಟ್ಟವು. ಕಮಲಿ ಕೊಡಲಿಲ್ಲ. ಕರು ಬಿಟ್ಟರೆ ನೆಕ್ಕಿದಳು. ಭಾವ ಬಕೆಟ್ ಇಟ್ಟುಕೊಂಡು ಕೂತರೆ ಝಾಡಿಸಿ ಒದ್ದಳು. ಬೆಲ್ಲ ಕೊಟ್ಟೆವು. ಬೆಲ್ಲ ತಿಂದು ಒದ್ದಳು.

ಸಂಜೆಯ ಹೊತ್ತಿಗೆ ಕೆಚ್ಚಲು ಕಲ್ಲಿನ ಹಾಗೆ ಬಿಗಿದಿತ್ತು. ಫೋನ್ ಮಾಡಿದರೆ ಹಸು ಡಾಕ್ಟರು, "ಇವತ್ತು ಕರೀಲಿಲ್ಲ ಅಂದ್ರೆ ಕೆಚ್ಚಲು ಬಾವು ಗ್ಯಾರಂಟಿ. ಮೊಲೆ ಹೋದ್ರೆ ಹೋದಂಗೇ" ಅಂದುಬಿಟ್ಟರು. ಅಕ್ಕನಿಗೆ ಹೇಳುವ ಹಾಗಿಲ್ಲ. ಹೇಳಿದರೆ ಹೊಲಿಗೆ ಬಿಚ್ಚಿಕೊಂಡಾದರೂ ಓಡಿ ಬರುವವಳು ಅವಳು.

ಆಗ ಭಾವನಿಗೆ ಜ್ಞಾನೋದಯವಾಯಿತು. "ಆ ನನ್ಮಗ ದಿನಾ ಹಿಂದೀಲಿ ಮಾತಾಡಿ ಮಾತಾಡಿ ನಮ್ ಹಸೂನೇ ಕೆಡಿಸಾಕವ್ನೆ ಕಣಮ್ಮಾ. ಇದ್ಕೆ ಕನ್ನಡ ತಿಳೀತಾ ಇಲ್ಲ!"

ಹಾಗಾಗಿ ಆ ಕೈಮುಗಿಯುವ ಕಾರ್ಯಕ್ರಮ. "ಏ ಕಮಲಿ, ದೂದ್ ದೇವೋ. ತುಮ್ ಅಚ್ಛಾ ಹಸು ಹೈ ನಾ?"

ಬಕೆಟ್ಟು ಒಂದು ಕಡೆ, ಭಾವ ಒಂದು ಕಡೆ. ಅವರ ಹಿಂದಿ ಕೇಳಿದರೆ ನನಗೂ ಒದೆಯಬೇಕು ಅನ್ನಿಸುತ್ತದೆ. ಹಸುವಿನದೇನು ತಪ್ಪು?

ಇನ್ನು ನಗುತ್ತಾ ಕೂತರೆ ಆಗುವುದಿಲ್ಲ ಅಂತ ಬಿರ್ಜುಗೇ ಫೋನ್ ಹಚ್ಚಿದೆ. ಹಿಂದೆ ಮದುವೆಯ ಡೋಲು, ಹೆಂಗಸರ ಹಾಡು. ನನಗೆ ಬರುವ ಹಿಂದಿಯಲ್ಲೇ ಕಷ್ಟ ಹೇಳಿಕೊಂಡೆ. ಅವನೂ ಹಿಂದಿಯಲ್ಲೇ, ಸ್ಪೀಕರ್ ಹಾಕಿ ಕಮಲಿಯ ಕಿವಿ ಹತ್ತಿರ ಹಿಡಿಯಿರಿ ಅಂದ. ಹಿಡಿದೆ. ಡೋಲಿನ ಸದ್ದು ದೂರವಾಯಿತು. ಆಮೇಲೆ ಅವನ ದನಿ ಬಂತು.

"ಯಾಕವ್ವಾ ನನ್ ತಾಯೀ, ಮುನಿಸ್ಕಂಡ್ಯಾ? ನಾಲ್ಕು ದಿನ ಕಣವ್ವಾ, ಬಂದ್ಬಿಡ್ತೀನಿ. ಒದೀಬ್ಯಾಡ. ಅಣ್ಣಂಗೆ ಕರ್ಯಾಕೆ ಬರಾಕಿಲ್ಲ, ಪಾಪ. ನೀನೇ ಒಸಿ ಅಡ್ಜಸ್ಟ್ ಮಾಡ್ಕ."

ಅಪ್ಪಟ ನಂದಗುಡಿ ಕನ್ನಡ! ಸಾಕ್ಷಾತ್ ನಮ್ಮಕ್ಕನೇ ಗಂಡಸಿನ ದನಿಯಲ್ಲಿ ಮಾತಾಡಿದ ಹಾಗಿತ್ತು. ಕಮಲಿಯ ಕಿವಿ ನೆಟ್ಟಗಾಯಿತು. ಕಾಲು ನೆಲಕ್ಕೆ ಊರಿದಳು. ಭಾವ ಕರೆಯತೊಡಗಿದರು. ಸೊರ್ ಸೊರ್ ಅಂತ ಹಾಲು ಬಕೆಟ್ಟಿಗೆ ಬೀಳುವ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಬಕೆಟ್ ತುಂಬುವವರೆಗೂ ಬಿರ್ಜು ಮದುವೆ ಮನೆ ಬಿಟ್ಟು ಹಸುವಿನ ಜೊತೆ ಮಾತಾಡುತ್ತಲೇ ಇದ್ದ.

ಕರೆದು ಮುಗಿಸಿದ ಭಾವ ಫೋನ್ ಕಿತ್ತುಕೊಂಡರು. "ಲೇ ಬಿರ್ಜು, ನಿಂಗೆ ಕನ್ನಡ ಬತ್ತದೇನ್ಲಾ?"

"ಬತ್ತದೆ ಅಣ್ಣ."

"ಮತ್ತೆ ಮೂರು ವರ್ಷದಿಂದ ನನ್ ಕುಟೆ ಯಾಕ್ಲಾ ಮಾತಾಡ್ಲಿಲ್ಲ?"

"ನೀವು ಹಿಂದೀಲಿ ಕೇಳ್ತೀರಿ, ನಾನು ಹಿಂದೀಲಿ ಹೇಳ್ತೀನಿ. ಅಕ್ಕಾನೂ ನನ್ ಜೊತೆ ಹಿಂದೀನೇ ಅಣ್ಣ. ಹಸುಗಳ ಜೊತೆ ಮಾತ್ರ ಕನ್ನಡ ಮಾತಾಡ್ತಾರೆ. ನಾನು ಸಗಣಿ ಬಾಚ್ತಾ ಬಾಚ್ತಾ ಕೇಳಿಸ್ಕಂಡು ಕಲ್ತೆ."

ಭಾವ ಫೋನನ್ನು ನನ್ನ ಕೈಗಿಟ್ಟು ಬಕೆಟ್ ಎತ್ತಿಕೊಂಡರು. ಅವರನ್ನು ರೇಗಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಸಿಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಹೋದಾಗಲೆಲ್ಲ ಆ ಮನುಷ್ಯನಿಗೆ "ಪಾನಿ ಲಾವೋ" ಅಂತಿದ್ದವಳು ನಾನೇ ಅಲ್ಲವೇ? ನಾಚಿಕೆಯಾಯಿತು.

ಬಂದವರು ಕನ್ನಡ ಕಲಿಯುವುದಿಲ್ಲ ಅಂತೀವಲ್ಲ, ಹಸುವನ್ನು ಮಾತಾಡಿಸಿದಷ್ಟಾದರೂ ಅವರನ್ನು ಕನ್ನಡದಲ್ಲಿ ಮಾತಾಡಿಸಿದ್ದೇವಾ?