ಮೈ ತುಂಬುವ ತನಕ

ತಿಳವಳ್ಳಿಯ ಸರೋಜವ್ವನ ಕೈಗೆ ಬಿದ್ದರೆ ಎಂಥ ಸೊರಗಿದ ಎಮ್ಮೆಯೂ ಮಿರಿಮಿರಿ ಮಿಂಚುತ್ತದೆ ಎಂದು ಊರೆಲ್ಲ ಒಪ್ಪಿತ್ತು. ಎಲ್ಲರಿಗಿಂತ ಮೊದಲು ಒಪ್ಪಿದವಳು ಸರೋಜವ್ವನೇ. ಮಧ್ಯಾಹ್ನ ಉಂಡು, ದನದ ಮನೆಯ ಬಾಗಿಲಿಗೆ ಒರಗಿ, ಎಮ್ಮೆಗಳು ಮೆಲುಕು ಹಾಕುವ ಸದ್ದು ಕೇಳುತ್ತ ನಿದ್ದೆಗೆ ಜಾರುವುದೆಂದರೆ ಅವಳಿಗೆ ಸ್ವರ್ಗ. ಈಚೆಗೆ ಆ ಅರೆನಿದ್ದೆಯಲ್ಲಿ ಒಂದೇ ಕನಸು: ಮೊಮ್ಮಗ ಲೋಹಿತ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಓಡುತ್ತಿದ್ದಾನೆ, ಇವಳು ನಗುತ್ತ ಹಿಂದೆ ಹಿಂದೆ. ಕಣ್ಣು ಬಿಟ್ಟರೆ ಲೋಹಿತ ಎದುರಿಗೇ ದಿಂಬುಗಳ ನಡುವೆ ಇರುತ್ತಿದ್ದ. ಹುಟ್ಟಿ ವರ್ಷ ದಾಟಿದರೂ ಅವನಿಗೆ ಆಸರೆಯಿಲ್ಲದೆ ಕೂಡಲು ಬರುತ್ತಿರಲಿಲ್ಲ.

ನರ್ಸ್ ಶೀಲಾ ಬಂದು ಕೂಸಿನ ಕೈಕಾಲು ಆಡಿಸಿ ನೋಡಿದಳು.

“ದಿನಾ ಹಿಂಗ ಆಡಸ್ರಿ, ಸುಧಾರಸ್ತಾನ. ಇದಕ್ಕ ಕಾರಣ ಹತ್ತಾರು ಇರತಾವ್ರಿ. ಬಸುರಾಗೂಕಿಂತ ಮೊದಲ ನಿಮ್ಮ ಸೊಸಿ ತನುಜಾ ಭಾಳ ಸೊರಗಿದ್ದಳು, ಅದೂ ಒಂದು ಇರಬಹುದು. ಇನ್ನೊಂದು ಕೂಸಿಗೆ ಅವಸರ ಮಾಡಬ್ಯಾಡ್ರಿ. ಮೊದಲ ಆಕಿ ತೂಕ ಏರಲಿ.”

ಸರೋಜವ್ವನಿಗೆ ಮೈಯೆಲ್ಲ ಉರಿಯಿತು. ಈ ವರ್ಷವೇ ಇನ್ನೊಂದು ಕೂಸಾಗಲಿ ಎಂದು ಮಗನಿಗೂ ಸೊಸೆಗೂ ದುಂಬಾಲು ಬಿದ್ದಿದ್ದವಳು ಅವಳೇ.

“ಬಸುರಿ ಅಂತ ಗೊತ್ತಾದ ದಿನದಿಂದ ಹಾಲು, ತುಪ್ಪ, ಉತ್ತತ್ತಿ ಯಾವುದಕ್ಕೂ ಕಡಿಮಿ ಮಾಡಿಲ್ಲ ನಾನು. ನನಗ ಹೇಳಾಕ ಬರ್ತಾಳ!” ಎಂದು ಶೀಲಾ ಹೋದ ಮೇಲೂ ಗೊಣಗಿದಳು.

ಮರುದಿನ ಮಧ್ಯಾಹ್ನ ನೆರೆಮನೆಯ ಉಳವಪ್ಪ ತನ್ನ ಎಮ್ಮೆಯ ಮಣಕವನ್ನು ಹಿಡಿದು ತಂದ. ಇನ್ನೂ ಒಮ್ಮೆಯೂ ಗಬ್ಬವಾಗದ ಮಣಕ, ಪಕ್ಕೆಲುಬು ಎಣಿಸುವಂತಿತ್ತು.

“ಬೆದಿಗೆ ಬಂದೈತಿ ಸರೋಜಕ್ಕ. ಕೋಣಕ್ಕ ಬಿಡಲೇನು?”

“ಬ್ಯಾಡ. ಹಿಂಡಿ ಹಾಕು, ಹತ್ತಿಕಾಳು ಹಾಕು. ಮೈ ತುಂಬಿದ ಮ್ಯಾಲೆ ಬಿಡು. ಗಬ್ಬಾದ ಮ್ಯಾಲೆ ಎಷ್ಟು ಮೇಯಿಸಿದರೇನು, ಕರ ಬಡಕಲ ಆಗತೈತಿ.”

ಹೇಳಿದ ಮಾತು ಅವಳ ಕಿವಿಗೇ ಬಂದು ಬಡಿಯಿತು. ಉಳವಪ್ಪ ಹೋದದ್ದೂ ತಿಳಿಯಲಿಲ್ಲ. ಕಣ್ಣು ಮಂಜಾಗಿ, ಒಲೆಯ ಮಗ್ಗುಲಲ್ಲಿ ಒಬ್ಬ ಹೊಸ ಮದುವಣಗಿತ್ತಿ ಕಂಡಳು. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳ ಬಳಿದು ಅರ್ಧ ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದಳು. ಅವಳು ತನುಜಾಳೋ, ಹರೆಯದ ತಾನೋ, ಸರೋಜವ್ವನಿಗೆ ಗುರುತು ಹತ್ತಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ನಡೆದಳು.

ಸಂಜೆ ಗಂಡ ಕರಬಸಪ್ಪ, ಮಗ ರುದ್ರೇಶ ಊಟಕ್ಕೆ ಕೂತರು. ಸರೋಜವ್ವ ಮೊದಲ ತಾಟನ್ನು ತನುಜಾಳ ಮುಂದಿಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ತುಪ್ಪ. ಕರಬಸಪ್ಪ ಕಣ್ಣುಕಣ್ಣು ಬಿಟ್ಟ.

“ನಿಮ್ಮೆಲ್ಲಾರಕಿಂತ ಮೊದಲ ನಾ ಹೆಂಗ ಉಣ್ಣಲಿರಿ ಅತ್ತಿ?”

“ಉಣ್ಣವಾ. ನೀ ಆಗಿ ಹೇಳೂ ತನಕ ಇನ್ನೊಂದು ಕೂಸಿನ ಮಾತು ಈ ಮನ್ಯಾಗ ಯಾರೂ ಎತ್ತೂದಿಲ್ಲ. ನಂದ ತಪ್ಪಾತು.”

ತನುಜಾ ತಲೆ ತಗ್ಗಿಸಿ ಉಂಡಳು. ತಾಟು ಬರಿದಾದ ಮೇಲೂ ಏಳಲಿಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ, ಮೆಲ್ಲಗೆ ಕೇಳಿದಳು:

“ಅತ್ತಿ, ಇನ್ನೊಂದು ರೊಟ್ಟಿ ಐತೇನ್ರಿ?”